ಅಂಬಾಸಿಡರ್, ಪದ್ಮಿನಿ: ಬಳ್ಳಾರಿ ಬಿಸಿಲಿಗೆ ಯಾವುದು?

ಹಳೆ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು ಅಂತ. 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ಗೆ ಸುಮಾರು 50, 1089 ಸಿಸಿ ಪ್ರೀಮಿಯರ್ ಪದ್ಮಿನಿಗೆ ಸುಮಾರು 40. ಆದರೆ ಮೊದಲನೆಯದರ ತೂಕ 1100 ಕೆ.ಜಿ. ಆಸುಪಾಸು, ಎರಡನೆಯದು 900ಕ್ಕೆ ತುಸು ಕಡಿಮೆ. ಭಾಗಿಸಿ ನೋಡಿ, ಎರಡರಲ್ಲೂ ಒಂದು ಹಾರ್ಸ್‌ಪವರ್ ಪಾಲಿಗೆ ಬರುವುದು 22 ಕೆ.ಜಿ.ಯೇ. ಓಡಿಸಿದಾಗ ಮಾತ್ರ ಎರಡೂ ಬೇರೆಯೇ ಜಾತಿ.

ವ್ಯತ್ಯಾಸ ಇರುವುದು ಸ್ಟ್ರೋಕಿನಲ್ಲಿ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರದಲ್ಲಿ. ಅಂಬಾಸಿಡರ್ ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ 88.9, ಪದ್ಮಿನಿಯದು 68 ಮತ್ತು 75. ಉದ್ದ ಸ್ಟ್ರೋಕಿನ ದೊಡ್ಡ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಸಂಡೂರಿನ ಏರು ಹತ್ತುವವರಿಗೆ ಅದೇ ಬೇಕು. ಆದರೆ 4000 ಆರ್‌ಪಿಎಂನಲ್ಲಿ ಅದರ ಪಿಸ್ಟನ್ ಸೆಕೆಂಡಿಗೆ ಸರಾಸರಿ 11.9 ಮೀಟರ್ ಓಡುತ್ತದೆ, ಪದ್ಮಿನಿಯದು 10. ಹೊಸಪೇಟೆಯ ನೇರ ರಸ್ತೆಯಲ್ಲಿ ಅಂಬಾಸಿಡರನ್ನು ತಾಸುಗಟ್ಟಲೆ ಅಟ್ಟಿದರೆ ರಿಂಗು, ಬೇರಿಂಗು ಬೇಗ ಸವೆಯುತ್ತವೆ. ಪದ್ಮಿನಿ ತಿರುಗಿದಷ್ಟೂ ಹಗುರ. ಊರೊಳಗಿನ ಓಡಾಟಕ್ಕೂ ಅದೇ ಸಲೀಸು: ಉದ್ದ 3.93 ಮೀಟರ್, ಅಂಬಾಸಿಡರ್ 4.3 ದಾಟುತ್ತದೆ.

ಇನ್ನು ಏಪ್ರಿಲ್, ಮೇ ಬಿಸಿಲು. ಅಂಬಾಸಿಡರ್‌ನ ಈ ಎಂಜಿನ್‌ನಲ್ಲಿ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮತ್ತು ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ. ಓಡುವಾಗ ತೊಂದರೆಯಿಲ್ಲ. ನಿಲ್ಲಿಸಿದ ಮೇಲೆ ಕೆಳಗಿನ ಕಾವು ಏರಿ ಕಾರ್ಬುರೇಟರ್‌ನ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಕುದಿಯುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗದು. ಆಗ ಆಕ್ಸಿಲರೇಟರನ್ನು ಪದೇ ಪದೇ ತುಳಿಯಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಹೆಚ್ಚಿನ ಆವಿ ಹೊರಹೋಗಿ ಎಂಜಿನ್ ಹಿಡಿಯುತ್ತದೆ. ಕಾರ್ಬುರೇಟರ್ ಕೆಳಗಿನ ಶಾಖ ತಡೆಯುವ ತಗಡು ಎಷ್ಟೋ ಗಾಡಿಗಳಲ್ಲಿ ರಿಪೇರಿ ವೇಳೆ ಕಳೆದುಹೋಗಿರುತ್ತದೆ. ಮರಳಿ ಹಾಕಿಸಿ.

ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಕವಾಟ) ಕಿತ್ತೆಸೆಯುವುದು ಇಲ್ಲಿನ ರೂಢಿ. ಅದು ಮದ್ದಲ್ಲ. ನಮ್ಮ ಬೋರ್‌ವೆಲ್ ಗಡಸು ನೀರು ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ರೇಡಿಯೇಟರ್ ಬಿಚ್ಚಿಸಿ ಕೊಳವೆಗಳಿಗೆ ಸಲಾಕೆ ಆಡಿಸಿ ಕ್ಲೀನ್ ಮಾಡಿಸಿ. ಆಮೇಲೆ ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧರ್ಧ ಬೆರೆಸಿ ಹಾಕಿ.

ಬ್ರೇಕಿನ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ಹಳೆ ಮಾದರಿಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ಮೇ. ಇಳಿಜಾರಿನಲ್ಲಿ ಪೆಡಲ್ ಒತ್ತಿಕೊಂಡೇ ಬಂದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ, ಭಾರದ ಅಂಬಾಸಿಡರ್‌ನಲ್ಲಿ ಇನ್ನೂ ಬೇಗ. ಹತ್ತಿದ ಗೇರಿನಲ್ಲೇ ಇಳಿಸಿ.

ಎರಡೂ ಹಿಂದಿನ ಗಾಲಿಯಿಂದ ನಡೆಯುವ ಗಾಡಿಗಳು, ಕೊಳ್ಳುವಾಗ ಕೆಳಗೆ ತೂರಿ ನೋಡಲೇಬೇಕು. ಹಿಂದಿನ ಆಕ್ಸಲ್ ಮೇಲೆ ಬ್ರೀದರ್ ಎಂಬ ಸಣ್ಣ ಗಾಳಿಕಿಂಡಿ ಇದೆ. ತೋರಣಗಲ್ಲು ಕಡೆ ಓಡಿದ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಅದನ್ನು ಮುಚ್ಚುತ್ತದೆ. ಒಳಗಿನ ಒತ್ತಡಕ್ಕೆ ಆಕ್ಸಲ್‌ನ 90 ನಂಬರ್ ಗೇರ್ ಆಯಿಲ್, ಸೀಲ್ ದಾಟಿ ಬ್ರೇಕ್ ಲೈನರ್‌ಗೆ ಇಳಿಯುತ್ತದೆ. ಸೀಲ್ ಬದಲಿಸುವ ಮೊದಲು ಬ್ರೀದರ್ ಕಿಂಡಿಯ ಧೂಳು ತೆಗೆಸಿ. ನಂತರ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ಅದರ ತುದಿಯ ಕೀಲು, ಅಂದರೆ ಕ್ರಾಸ್, ನೋಡಿ. ಟಕ್ಕೆಂದರೆ, ಕಪ್‌ಗಳ ಸುತ್ತ ಒಣ ಕಂದು ಪುಡಿ ಕಂಡರೆ, ಅಲ್ಲಿ ಗ್ರೀಸ್ ಮುಗಿದು ಸೂಜಿ ಬೇರಿಂಗ್ ಪುಡಿಯಾಗುತ್ತಿದೆ. ಹೊಸ ಕ್ರಾಸಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.