ವೈರಸ್ ಬದಲಾಗುತ್ತಿದೆ, ನಮ್ಮ ಡ್ರಮ್ ಅಲ್ಲೇ ಇದೆ

1883ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಬೆಂಗಳೂರಿನಲ್ಲಿದ್ದರು. ಬಂಗಲೆ ತುಂಬ ಸೊಳ್ಳೆ. ನೋಡಿದರೆ ಕಿಟಕಿಯಾಚೆ ಇಟ್ಟಿದ್ದ ತೊಟ್ಟಿಯ ನೀರಲ್ಲಿ ಮರಿಗಳು ಆಡುತ್ತಿದ್ದವು. ತೊಟ್ಟಿ ಬೋರಲು ಹಾಕಿದರು, ಕಾಟ ನಿಂತಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವರೇ ಕಂಡದ್ದು ಇದಾಗಿ 14 ವರ್ಷಕ್ಕೆ, ಸಿಕಂದರಾಬಾದಿನಲ್ಲಿ.

ಆದರೆ ಸೊಳ್ಳೆ ಹರಡುವ ವೈರಸ್ ಸುಮ್ನೆ ಕೂರುವುದಿಲ್ಲ. ಚಿಕುನ್‌ಗುನ್ಯಾ 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿತು, 1973ರ ನಂತರ ಸದ್ದಿಲ್ಲ, ಜನ ಮರೆತೇಬಿಟ್ಟರು. 2005ರ ಕೊನೆಗೆ ಮತ್ತೆ ಬಂದಾಗ ಅದು ಹಳೆಯ ಏಷ್ಯಾ ತಳಿ ಅಲ್ಲ, ಆಫ್ರಿಕಾ ಮೂಲದ ಬೇರೆ ತಳಿ. 2006ರಲ್ಲಿ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಜಾಸ್ತಿ ಶಂಕಿತ ಪ್ರಕರಣಗಳು. ಜ್ವರ ಬಿಟ್ಟರೂ ಕೀಲುನೋವು ಬಿಡದೆ, ಗೋಡೆ ಹಿಡಿದು ನಡೆಯುತ್ತಿದ್ದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಿರಬಹುದು.

ಡೆಂಗಿ ಇನ್ನೂ ಜಟಿಲ. ಅದರಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದರಿಂದ ಮಾತ್ರ ಕಾಯಂ ರಕ್ಷಣೆ, ಮುಂದೆ ಇನ್ನೊಂದು ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳೇ (ರೋಗ ತಡೆಯಲೆಂದು ದೇಹ ಮಾಡಿಕೊಂಡ ಪ್ರೋಟೀನುಗಳು) ವೈರಸ್ಸನ್ನು ಜೀವಕೋಶದೊಳಗೆ ಬಿಟ್ಟುಕೊಂಡು ಕಾಯಿಲೆ ವಿಪರೀತಕ್ಕೆ ಹೋಗುವ ಅಪಾಯವಿದೆ. ಲಸಿಕೆ ಮಾಡುವವರಿಗೂ ಇದೇ ತಲೆನೋವು. ನಾಲ್ಕನ್ನೂ ಒಟ್ಟಿಗೆ ತಡೆಯಬೇಕು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 1956ರಿಂದ 2018ರವರೆಗಿನ 408 ಡೆಂಗಿ ವೈರಸ್‌ಗಳ ವಂಶವಾಹಿ ಮಾಹಿತಿ ಪರಿಶೀಲಿಸಿತು. 2012ರವರೆಗೆ ಒಂದು ಮತ್ತು ಮೂರನೇ ಬಗೆ ಮೇಲುಗೈ, ಆಮೇಲೆ ಎರಡನೆಯದು. ದಕ್ಷಿಣದಲ್ಲಿ ನಾಲ್ಕನೆಯದೂ ಬೇರು ಬಿಡುತ್ತಿತ್ತು.

ಇವೆರಡನ್ನೂ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ನಿಂತ ತಿಳಿನೀರು ಸಾಕು. ಕಾವೇರಿ ನೀರು ಬರುವ ದಿನ ನಾವು ಬಕೆಟ್, ಡ್ರಮ್, ಸಂಪು ಎಲ್ಲ ತುಂಬಿಸಿಕೊಳ್ಳುತ್ತೇವೆ, ಅಲ್ವಾ? ದಿನಾ ನೀರು ಬರದ ಮನೆಯವರನ್ನು ಇದಕ್ಕೆ ಬೈಯುವುದು ಅನ್ಯಾಯ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ ರಾಜ್ಯ ಸರ್ಕಾರ, ಸೊಳ್ಳೆ ಮರಿ ಸಿಕ್ಕ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ದಂಡದ ಜೊತೆ ನೀರೂ ನಿಯಮಿತವಾಗಿ ಬರಬೇಕಿತ್ತು.

ಫಾಗಿಂಗ್ ಹೊಗೆ ಬೀದಿಯಲ್ಲಿ ಹಾರುವ ಸೊಳ್ಳೆಗೆ ಮಾತ್ರ. ಈಡಿಸ್ ಇರುವುದು ಒಳಗೆ, ಮಂಚದ ಕೆಳಗೆ, ಬಟ್ಟೆಗಳ ಹಿಂದೆ. ಮೊಟ್ಟೆಗಳಂತೂ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ, ನೀರು ಸೋಕಿದರೆ ಒಡೆಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು.