ಮಕ್ಕಳ ಫ್ಯಾಂಟಸಿ ಕಾದಂಬರಿ ಬರೆದೇ ಬದುಕಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮಕ್ಕಳಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಅರ್ಧ ಬರೆದಿಟ್ಟಿದ್ದೇನೆ. ಕೆಲಸ ಬಿಟ್ಟು ಇದಕ್ಕೇ ನಿಂತುಬಿಡಲೇ?

ಉತ್ತರ: ಬರೆಯುವುದನ್ನು ನಿಲ್ಲಿಸಬೇಡಿ, ಕೆಲಸವನ್ನೂ ಬಿಡಬೇಡಿ. ಲೆಕ್ಕ ಹಾಕಿ ನೋಡಿ. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ಒಳ್ಳೆಯ ಮಾತು. ಬೆಲೆ 150 ರೂಪಾಯಿ, ಲೇಖಕರಿಗೆ ಸಿಗುವ ರಾಯಧನ ಶೇ 10 ಅಂತ ಇಟ್ಟುಕೊಂಡರೆ, ಕೊನೆಯ ಪ್ರತಿಯೂ ಮಾರಾಟವಾದ ಮೇಲೆ ನಿಮ್ಮ ಕೈಗೆ ಬರುವುದು 15,000 ರೂಪಾಯಿ. ಜಯನಗರದ ಕಡೆ ಒಂದು ತಿಂಗಳ ಮನೆ ಬಾಡಿಗೆಗೂ ಅದು ಸಾಲದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಪ್ರಕಾಶಕರು ಸುಧಾರಿಸಿಕೊಳ್ಳುತ್ತಾರೆ, ಅದನ್ನು ನಂಬಿ ಸಂಸಾರ ನಡೆಸಲಾಗದು. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಮೊತ್ತ 50,000 ರೂಪಾಯಿ. ಅದೂ ಕನ್ನಡಕ್ಕೆ ವರ್ಷಕ್ಕೊಂದು.

ಕೆಲಸ ಬಿಡುವ ಆಸೆ ಹುಟ್ಟಿಸುವುದು ಹೆಚ್ಚಾಗಿ ಹ್ಯಾರಿ ಪಾಟರ್ ಬರೆದು ಶ್ರೀಮಂತರಾದ ಜೆ.ಕೆ. ರೌಲಿಂಗ್ ಅವರ ಕಥೆ. ನಾನಾದರೆ ಇಂಗ್ಲೆಂಡಿನ ಮಕ್ಕಳ ಫ್ಯಾಂಟಸಿ ಲೇಖಕ ಫಿಲಿಪ್ ಪುಲ್ಮನ್ ಅವರನ್ನು ನೋಡಿ ಅನ್ನುತ್ತೇನೆ. ಆಕ್ಸ್‌ಫರ್ಡ್‌ನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವರು. ಗ್ರೀಕ್ ಮಹಾಕಾವ್ಯಗಳಾದ ಇಲಿಯಡ್, ಒಡಿಸ್ಸಿಗಳನ್ನು ತರಗತಿಯಲ್ಲಿ ಬಾಯಲ್ಲೇ ಹೇಳುತ್ತಿದ್ದರು. ಮಕ್ಕಳಿಗಾಗಿ ಬರೆದ ಶಾಲಾ ನಾಟಕಗಳನ್ನೇ ಮುಂದೆ ಪುಸ್ತಕ ಮಾಡಿದರು. ದೊಡ್ಡ ಹೆಸರು ತಂದ ಸರಣಿಯ ಮೊದಲ ಕಾದಂಬರಿ 'ನಾರ್ದರ್ನ್ ಲೈಟ್ಸ್' 1995ರಲ್ಲಿ ಬಂದಾಗ ಅವರಿಗೆ 48 ವರ್ಷ, ಆಗಲೂ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಆ ಸರಣಿಯ ಕೊನೆಯ ಪುಸ್ತಕಕ್ಕೆ ಬ್ರಿಟನ್ನಿನ 2001ರ ಸಾಲಿನ ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿ ಬಂತು. ಮಕ್ಕಳ ಪುಸ್ತಕವೊಂದಕ್ಕೆ ಅದು ದಕ್ಕಿದ್ದು ಅದೇ ಮೊದಲು. ಅಷ್ಟು ವರ್ಷ ಅವರ ಮುಂದೆ ಮಕ್ಕಳು ಕೂತು ಕೇಳುತ್ತಿದ್ದರಲ್ಲ, ನನ್ನ ಕಣ್ಣಿಗೆ ದೊಡ್ಡ ಬಂಡವಾಳ ಅದೇ.

ಆ ಬಂಡವಾಳ ನಿಮಗೂ ಸಿಗುತ್ತದೆ. ಬೆಂಗಳೂರಿನ ಎಷ್ಟೋ ಮಕ್ಕಳು ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುತ್ತಾರೆ, ಓದಲು ಕೂತರೆ ಒತ್ತಕ್ಷರಕ್ಕೆ ತಡವರಿಸುತ್ತಾರೆ. ಹಾಗಾಗಿ ಬರೆದದ್ದನ್ನು ನೀವೇ ಓದಿ ಹೇಳಿ. ಹತ್ತಿರದ ಶಾಲೆಯ ಐದನೇ ತರಗತಿಯಲ್ಲಿ ಅರ್ಧ ಗಂಟೆ ಕೊಡಿ ಅಂತ ಕೇಳಿದರೆ ಬಹಳಷ್ಟು ಮೇಷ್ಟ್ರುಗಳು ಬೇಡ ಅನ್ನುವುದಿಲ್ಲ. ಅರಮನೆಯ ವರ್ಣನೆ ಎರಡು ಪ್ಯಾರಾ ದಾಟಿತೋ, ಪೆನ್ಸಿಲ್ ಡಬ್ಬಿಗಳು ಟಕಟಕ ಅನ್ನತೊಡಗುತ್ತವೆ. ಆ ಜಾಗಕ್ಕೆ ಅಲ್ಲೇ ಗುರುತು ಹಾಕಿ, ಮನೆಗೆ ಬಂದು ಕತ್ತರಿಸಿ.

ಮಕ್ಕಳು ಮಾಯೆಯನ್ನು ಸಲೀಸಾಗಿ ಒಪ್ಪುತ್ತಾರೆ, ಮಾಯೆಯ ನಿಯಮ ತಪ್ಪಿದರೆ ಮಾತ್ರ ಬಿಡುವುದಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇದೆ ಅಂದಮೇಲೆ ಕತ್ತಿಯಿಂದ ಅವನು ಸಾಯಬಾರದು. ಅಜ್ಜಿ ಕಥೆಯ ಬಿಗಿ ಇರುವುದೇ ಅಲ್ಲಿ. ವಸ್ತುವಿಗಾಗಿ ಹಿಮ, ಕೋಟೆ, ಡ್ರ್ಯಾಗನ್ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಜೋರು ಮಳೆಯ ರಾತ್ರಿ ಮಾತ್ರ ಆ ನೀರಿಗೆ ತನ್ನ ಹಳೆಯ ನೆನಪು ಮರಳುತ್ತದೆ ಅಂತ ಒಂದು ನಿಯಮ ಇಟ್ಟು ನೋಡಿ. "ನೀರಿಗೆ ನೆನಪಿದ್ರೆ ಮೀನಿಗೂ ಇರುತ್ತಾ?" ಅಂತ ಒಂದು ಮಗು ಕೇಳಿಯೇ ಕೇಳುತ್ತದೆ. ಅದಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ಕಾದಂಬರಿ ಅರ್ಧಕ್ಕೆ ನಿಲ್ಲುವುದಿಲ್ಲ.

ಇನ್ನು ಪ್ರಕಾಶಕರ ಜೊತೆಗಿನ ಕರಾರು. ಖುಷಿಯಲ್ಲಿ ಓದದೇ ಸಹಿ ಹಾಕುವವರೇ ಹೆಚ್ಚು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಅನುವಾದ, ಆಡಿಯೊ, ಸಿನಿಮಾ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ. ಫ್ಯಾಂಟಸಿ ಸರಣಿಯಾಗಿ ಬೆಳೆಯುವ ಪ್ರಕಾರ, ಹಾಗಾಗಿ ಮುಂದಿನ ಭಾಗಗಳೂ ಪಾತ್ರಗಳೂ ಯಾರ ಹಕ್ಕಿನಲ್ಲಿರುತ್ತವೆ ಅನ್ನುವುದನ್ನು ಮೊದಲ ಪುಸ್ತಕದ ಕರಾರಿನಲ್ಲೇ ಸ್ಪಷ್ಟಪಡಿಸಿಕೊಳ್ಳಿ.