ಗಾಜು ಆಗುವ ದ್ರವಗಳು: ಮೇಲ್ಮೈಗೆ ಇಲ್ಲೇನು ಕೆಲಸ?

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಗ್ಲಿಸರಿನ್ ಗೊತ್ತಲ್ವಾ? ಲೆಕ್ಕದ ಪ್ರಕಾರ ಅದು 18 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹರಳಾಗಬೇಕು. ಆಗುವುದಿಲ್ಲ. ಫ್ರಿಜ್‌ನಲ್ಲಿಟ್ಟರೂ ಸುಮ್ನೆ ಮಂದವಾಗುತ್ತದೆ ಅಷ್ಟೇ, ಇನ್ನೂ ತಣಿಸುತ್ತಾ ಹೋದರೆ ಸುಮಾರು 190 ಕೆಲ್ವಿನ್ ಹತ್ತಿರ, ಅಂದರೆ ಮೈನಸ್ 83 ಡಿಗ್ರಿಯಲ್ಲಿ, ಗಾಜಾಗುತ್ತದೆ. ಅಣುಗಳು ದ್ರವದಲ್ಲಿದ್ದ ಹಾಗೇ ಅಡ್ಡಾದಿಡ್ಡಿ ಕೂತಿರುತ್ತವೆ, ಆದರೆ ಹರಿಯುವುದಿಲ್ಲ. ಈ ತಾಪಮಾನವೇ ಟಿಜಿ (Tg), ಅಂದರೆ ದ್ರವ ಗಾಜಾಗುವ ತಾಪಮಾನ. ಅಲ್ಲಿ ಸ್ನಿಗ್ಧತೆ (ಹರಿಯಲು ಇರುವ ತಡೆ) ನೀರಿಗಿಂತ ಎಷ್ಟು ಪಟ್ಟು ಜಾಸ್ತಿ ಗೊತ್ತಾ? 1ರ ಮುಂದೆ ಸುಮಾರು 15 ಸೊನ್ನೆ.

ಟಿಜಿ ಕರಗುವ ಬಿಂದುವಿನ ಹಾಗೆ ಸ್ಥಿರ ಅಲ್ಲ, ಇದನ್ನು ಗುರುತು ಹಾಕಿಕೊಳ್ಳಿ. ನಿಧಾನವಾಗಿ ತಣಿಸಿದರೆ ಅಣುಗಳಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ, ಟಿಜಿ ಸ್ವಲ್ಪ ಇಳಿಯುತ್ತದೆ. ಎಲ್ಲಿಯವರೆಗೆ ಇಳಿಸಬಹುದು? 1948ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಾಲ್ಟರ್ ಕೌಜ್‌ಮನ್ ಎತ್ತಿದ ತಕರಾರು ಇಲ್ಲೇ ಇದೆ. ತಣಿಸುವಾಗ ದ್ರವದ ಎಂಟ್ರೊಪಿ (ಅಣುಗಳ ಅಸ್ತವ್ಯಸ್ತತೆಯ ಅಳತೆ ಅನ್ನಿ) ಹರಳಿನದಕ್ಕಿಂತ ಬೇಗ ಕುಸಿಯುತ್ತದೆ, ಆ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಒಂದು ಕಡೆ ಎರಡೂ ಸಮ ಆಗಿ, ಅದಕ್ಕೂ ಕೆಳಗೆ ಅಡ್ಡಾದಿಡ್ಡಿ ದ್ರವಕ್ಕೆ ಹರಳಿಗಿಂತ ಕಡಿಮೆ ಎಂಟ್ರೊಪಿ ಬಂದುಬಿಡುತ್ತದೆ! ಆದರೆ ಅಲ್ಲಿಗೆ ತಲುಪುವ ಮೊದಲೇ ದ್ರವ ಗಾಜಾಗಿರುತ್ತದೆ.

ಈಗ ಮೇಲ್ಮೈ. ಇಡೀ ಪಾಠದಲ್ಲಿ ನನಗೆ ಇಷ್ಟವಾದ ಭಾಗ ಇದು. 2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾರ್ಕ್ ಎಡಿಗರ್ ಅವರ ತಂಡ ಇಂಡೊಮೆಥಾಸಿನ್ ಅನ್ನುವ ಔಷಧಿಯನ್ನು (ಊತ, ನೋವಿಗೆ ಕೊಡುವುದು) ನಿರ್ವಾತದಲ್ಲಿ ಆವಿ ಮಾಡಿ, ತಣ್ಣನೆಯ ಫಲಕದ ಮೇಲೆ ನಿಧಾನವಾಗಿ ಕೂರಿಸಿತು. ಒಳಗಿನ ಅಣುವನ್ನು ಸುತ್ತಲಿನವು ಎಲ್ಲ ಕಡೆಯಿಂದ ಒತ್ತಿ ಹಿಡಿದಿರುತ್ತವೆ, ಮೇಲಿನ ಅಣುವಿಗೆ ಒಂದು ಕಡೆ ಅಡ್ಡಿಯೇ ಇಲ್ಲ, ಹಾಗಾಗಿ ಟಿಜಿಗಿಂತ ಕೆಳಗೂ ಅದು ಓಡಾಡಿ ಒಳ್ಳೆ ಜಾಗ ಹುಡುಕಿಕೊಳ್ಳುತ್ತದೆ, ಆಮೇಲೆ ಮುಂದಿನ ಪದರ ಬಂದು ಅದನ್ನು ಮುಚ್ಚುತ್ತದೆ. ದ್ರವವನ್ನು ತಣಿಸಿ ಮಾಡಿದ ಮಾಮೂಲಿ ಗಾಜು ಸಾವಿರಾರು ವರ್ಷ ಕಾದರೆ ಮುಟ್ಟಬಹುದಾದ ಸ್ಥಿತಿ, ಕೆಲವೇ ಗಂಟೆಗಳಲ್ಲಿ ಸಿಗುತ್ತದೆ.

ವೇಗವರ್ಧಕದ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಪಾಠ ಓದಿದವರಿಗೆ ಇದು ಪರಿಚಿತ ಅನ್ನಿಸಬಹುದು. ಅಲ್ಲೂ ಮೇಲ್ಮೈ ದಾರಿಯನ್ನು ಸುಲಭ ಮಾಡುತ್ತದೆ, ಸಮತೋಲನ ಎಲ್ಲಿದೆ ಅನ್ನುವುದನ್ನು ಬದಲಿಸುವುದಿಲ್ಲ. ವೇಗವರ್ಧಕ ಅಣುವನ್ನು ತೀರಾ ಗಟ್ಟಿಯಾಗಿಯೂ ಹಿಡಿಯಬಾರದು, ತೀರಾ ಸಡಿಲವಾಗಿಯೂ ಹಿಡಿಯಬಾರದು ಅನ್ನುವ ಸಬಾಟಿಯೆ ತತ್ವದ ಹಾಗೆ ಇಲ್ಲೂ ಒಂದು ಹದ ಬೇಕು. ಫಲಕ ತೀರಾ ತಣ್ಣಗಿದ್ದರೆ ಮೇಲಿನ ಅಣುವೂ ಅಲುಗಾಡುವುದಿಲ್ಲ, ಬೆಚ್ಚಗಾದರೆ ಮಾಮೂಲಿ ಗಾಜೇ ಗತಿ. ಫಲಕದ ತಾಪಮಾನ ಟಿಜಿಯ ಸುಮಾರು 85 ಶೇಕಡಾ ಇದ್ದರೆ ಒಳ್ಳೆಯದು, ಆದರೆ ಲೆಕ್ಕ ಕೆಲ್ವಿನ್‌ನಲ್ಲೇ ಮಾಡಿ: ಇಂಡೊಮೆಥಾಸಿನ್ ಟಿಜಿ 315, ಉತ್ತರ 268 ಕೆಲ್ವಿನ್, ಅಂದರೆ ಮೈನಸ್ 5 ಡಿಗ್ರಿ. ಸೆಲ್ಸಿಯಸ್‌ನಲ್ಲಿ (315 ಕೆಲ್ವಿನ್ ಅಂದರೆ 42 ಡಿಗ್ರಿ) ಗುಣಿಸಿದರೆ 36 ಬರುತ್ತದೆ, ಮಾರ್ಕು ಹೋಗುತ್ತದೆ.